ಈ ಸಲ ಭಾರದ ರಿಮ್ಮು

ಮಿಡತೆ ಅಂಗಡಿಗೆ ಬಂದದ್ದು ಒಂದು ಮಂಗಳವಾರ, ಸರಿಯಾಗಿ ಊಟದ ಹೊತ್ತಿಗೆ. ವೀಲ್ ಮೇಷ್ಟ್ರು ಆಗಷ್ಟೇ ಡಬ್ಬಿ ಬಿಚ್ಚಿ ಮೊದಲ ತುತ್ತು ಬಾಯಿಗಿಟ್ಟಿದ್ದರು. ಬಾಗಿಲಲ್ಲಿ ನಿಂತವನನ್ನು ನೋಡಿ ಅಗಿಯುವುದನ್ನೇ ಮರೆತರು. ಹೆಂಡತಿಯ ತಮ್ಮ ಈ ಅಂಗಡಿಯ ಮೆಟ್ಟಿಲು ಹತ್ತಿ ಎರಡು ವರ್ಷದ ಮೇಲಾಗಿತ್ತು. ಮನೆಗೇನೋ ಬರುತ್ತಿದ್ದ, ಅಕ್ಕ ಕರೆದಾಗ ಬಂದು ಮೂಲೆಯ ಕುರ್ಚಿಯಲ್ಲಿ ಕೂತು ಎದ್ದು ಹೋಗುತ್ತಿದ್ದ. ಅಂಗಡಿಯ ಕಡೆ ಮಾತ್ರ ತಲೆ ಹಾಕಿರಲಿಲ್ಲ.

"ಹಾರ್ಡ್‌ಟೇಲ್ ಕಟ್ಟಿಸ್ಬೇಕು ಭಾವ" ಅಂದ ನಿಂತಲ್ಲಿಂದಲೇ. "ಹಬ್ಬು, ರಿಮ್ಮು ನೀನೇ ಆರಿಸ್ಕೊಡು."

ಮೇಷ್ಟ್ರು ಅನ್ನುವುದು ಗಿರಾಕಿಗಳು ಇಟ್ಟ ಹೆಸರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಸೊಟ್ಟಗಾದ ಸೈಕಲ್ ಚಕ್ರಗಳನ್ನು ನೆಟ್ಟಗೆ ಮಾಡುವುದು, ಹೊಸ ಚಕ್ರ ಕಟ್ಟುವುದು, ಇಷ್ಟೇ ಅವರ ಕೆಲಸ. ಆದರೆ ಚಕ್ರವನ್ನು ಸ್ಟ್ಯಾಂಡಿಗೆ ಏರಿಸಿ, ಕಣ್ಣು ಕಿರಿದು ಮಾಡಿ, ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವವರ ಹಾಗೆ ಕೂರುವ ಅವರ ಭಂಗಿ ನೋಡಿದರೆ ಯಾರಿಗಾದರೂ ಹಳೆಯ ಲೆಕ್ಕದ ಮೇಷ್ಟ್ರು ನೆನಪಾಗುತ್ತಿದ್ದರು. ಅಂಗಡಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಕೆಳಗೆ ಇತ್ತು, ರೈಲಿನ ಬೋಗಿಯ ಹಾಗೆ ಉದ್ದಕ್ಕೆ, ಇಕ್ಕಟ್ಟಾಗಿ. ಚಾವಣಿಯ ಕೊಕ್ಕೆಗಳಿಂದ ರಿಮ್ಮುಗಳು ಸಾಲಾಗಿ ನೇತಾಡುತ್ತಿದ್ದವು. ಮೇಲಿನಿಂದ ಡ್ರಿಲ್ಲಿನ ಸದ್ದು ಕೇಳಿದಾಗಲೆಲ್ಲ ಕೆಳಗಿರುವ ಗಿರಾಕಿಗಳು ತಮ್ಮ ದವಡೆ ಮುಟ್ಟಿಕೊಳ್ಳುತ್ತಿದ್ದರು.

ಇನ್ನು ಮಿಡತೆ ಅನ್ನುವುದು ಮನೆಯವರೇ ಇಟ್ಟ ಹೆಸರು. ಚಿಕ್ಕವನಿದ್ದಾಗ ಕಟ್ಟೆ ಕಂಡರೆ ಕಟ್ಟೆಯಿಂದ, ಗೋಡೆ ಕಂಡರೆ ಗೋಡೆಯಿಂದ ಹಾರುತ್ತಿದ್ದ. ಮೂವತ್ತು ದಾಟಿದರೂ ಆ ಹೆಸರು ಹೋಗಿರಲಿಲ್ಲ. ಮೇಷ್ಟ್ರಿಗೂ ಅವನಿಗೂ ಸ್ನೇಹವಾದದ್ದು ಮೊದಲು, ನಂಟಸ್ತಿಕೆ ಆದದ್ದು ಆಮೇಲೆ. ಗುಡ್ಡದ ಮೇಲೆ ಸೈಕಲ್ ಹೊಡೆಯಲು ಹೋಗಿ ಪರಿಚಯವಾದ ಮೇಷ್ಟ್ರನ್ನು ಅವನೇ ಮನೆಗೆ ಕರೆತಂದು ಅಕ್ಕನಿಗೆ ತೋರಿಸಿದ್ದ. ಹಾಗಾಗಿ ಭಾವ ಅಂತ ಕರೆದರೂ ಮಾತೆಲ್ಲ ಏಕವಚನದಲ್ಲಿ, ನೀನು ಅಂತಲೇ.

ಅವನ ಎಡಗೈ ಜಾಕೆಟ್ಟಿನ ಜೇಬಿನಲ್ಲಿತ್ತು. ಇಟ್ಟುಕೊಂಡದ್ದಲ್ಲ, ತುರುಕಿದ್ದು. ಭುಜದಿಂದ ಕೆಳಗೆ ಆ ಕೈಯಲ್ಲಿ ಜೀವ ಇರಲಿಲ್ಲ. ಜೇಬಿನಿಂದ ತೆಗೆದರೆ ಒದ್ದೆ ಬಟ್ಟೆಯ ಹಾಗೆ ಜೋತು ಬೀಳುತ್ತಿತ್ತು.

"ಯಾರಿಗೆ?" ಅಂದರು ಮೇಷ್ಟ್ರು, ಗೊತ್ತಿದ್ದೂ.

"ನನಗೇ. ಇನ್ಯಾರಿಗೆ?"

ಬಲಗೈಯಿಂದ ಒಂದು ಮಡಿಸಿದ ಹಾಳೆ ತೆಗೆದು ಬೆಂಚಿನ ಮೇಲೆ ಹರಡಿದ. ಸೈಕಲ್ಲಿನ ಹ್ಯಾಂಡಲ್ಲಿನ ಚಿತ್ರ ಬರೆದಿದ್ದ, ಹಿಂದೆ ಬಡಗಿಯಾಗಿದ್ದವನು ಬಿಡಿಸಿದ ಚಿತ್ರ, ಗೆರೆಗಳೆಲ್ಲ ಅಳೆದಿಟ್ಟಂತೆ. "ನೋಡು, ಎರಡೂ ಬ್ರೇಕು ಬಲಗೈಗೇ, ಒಂದೇ ಲಿವರ್ರು. ಗೇರು ಹಿಂದೆ ಮಾತ್ರ. ಈ ಕೈನ ಎದೆಗೆ ಬೆಲ್ಟಲ್ಲಿ ಕಟ್ಕೊಳ್ಳೋದು. ಫ್ರೇಮು ಹಳೇದೇ ಇದೆ. ಅವತ್ತು ಬಿದ್ದಾಗ ಅದಕ್ಕೇನೂ ಆಗಿರ್ಲಿಲ್ವಲ್ಲ. ಆಗಿದ್ದೆಲ್ಲ ನನಗೆ, ಮುಂದಿನ ಚಕ್ರಕ್ಕೆ."

ಹಾಗಂದು ನಕ್ಕ. ಮೇಷ್ಟ್ರು ನಗಲಿಲ್ಲ. ಹಾರ್ಡ್‌ಟೇಲ್ ಅಂದರೆ ಮುಂದಕ್ಕೆ ಮಾತ್ರ ಶಾಕ್ ಇರುವ, ಹಿಂದೆ ಬರೀ ಗಟ್ಟಿ ಫ್ರೇಮಿನ ಗುಡ್ಡದ ಸೈಕಲ್ಲು. ಕಲ್ಲು, ಬೇರು ಸಿಕ್ಕಾಗಲೆಲ್ಲ ಹಿಂದಿನ ಚಕ್ರ ಒದೆಯುತ್ತದೆ, ಹ್ಯಾಂಡಲ್ಲು ಕೈಯಲ್ಲಿ ತಿರುಚಿಕೊಳ್ಳುತ್ತದೆ. ಎರಡು ಕೈ ಗಟ್ಟಿ ಇರುವವರೇ ಇಳಿಜಾರಿನಲ್ಲಿ ಹಲ್ಲು ಕಚ್ಚಿಕೊಂಡು ಹಿಡಿಯಬೇಕು. ಒಂದು ಕೈಯಲ್ಲಿ ಟಾರು ರಸ್ತೆಯ ಮೇಲೆ ಹೋಗಬಹುದೇನೋ, ಗುಡ್ಡ ಇಳಿಯುವ ಮಾತು ದೂರವೇ ಉಳಿಯಿತು. ಇದು ಮಿಡತೆಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದೂ ಬಂದಿದ್ದಾನೆ ಅಂದ ಮೇಲೆ ಏನು ಹೇಳುವುದು?

"ಈ ಸಲ ನಾನು ಮಧ್ಯೆ ಬಾಯಿ ಹಾಕಲ್ಲ" ಅಂದ ಮಿಡತೆ. "ನೀನು ಹೇಳಿದ್ದೇ ಕೊನೆ ಮಾತು. ಎಷ್ಟು ಭಾರದ ರಿಮ್ಮಾದ್ರೂ ಸರಿ."

ಮೇಷ್ಟ್ರು ಹಾಳೆ ಮಡಿಸಿ ಮೇಜಿನ ಖಾನೆಗೆ ಹಾಕಿದರು. "ನೋಡೋಣ" ಅಂದರು. ಅವನು ಹೋದ ಮೇಲೆ ಡಬ್ಬಿ ಮುಚ್ಚಿಬಿಟ್ಟರು.

ಮನೆಯಲ್ಲಿ ಹೆಂಡತಿಗೆ ಆಗಲೇ ಸುದ್ದಿ ಮುಟ್ಟಿತ್ತು. ಅವಳು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ತಕ್ಕಂತೆ ಗಾಜು ಉಜ್ಜುವ ಕೆಲಸ ಮಾಡುತ್ತಿದ್ದಳು. ದಿನವಿಡೀ ಕೂದಲೆಳೆಯಷ್ಟರ ವ್ಯತ್ಯಾಸ ಹುಡುಕುವ ಕಣ್ಣು ಅವಳದು. ಮನೆಗೆ ಬಂದರೂ ಆ ಕಣ್ಣು ಸುಮ್ಮನಿರುತ್ತಿರಲಿಲ್ಲ. ಅವತ್ತು ಮಾತ್ರ ಏನನ್ನೂ ಹುಡುಕದೆ, ಊಟಕ್ಕೆ ಕೂತಿದ್ದ ಗಂಡನ ಎದುರು ಕುರ್ಚಿ ಎಳೆದುಕೊಂಡು ಕೂತಳು.

"ಕಟ್ಟಿಕೊಡ್ರೀ" ಅಂದಳು.

"ಅವನ ಕೈಲಿ ಓಡಿಸೋಕಾಗಲ್ಲ ಕಣೆ."

"ಅದು ನನಗೆ ಗೊತ್ತಿಲ್ವಾ? ನರದ ಡಾಕ್ಟ್ರು ಇನ್ನು ಈ ಕೈ ಬರಲ್ಲ ಅಂದಾಗ ಪಕ್ಕದಲ್ಲಿ ಕೂತಿದ್ದೋಳು ನಾನು. ಆದ್ರೆ ಇವತ್ತು ಅವನಾಗೇ ಫೋನ್ ಮಾಡಿದ್ದ. ಎರಡು ವರ್ಷದಿಂದ ನಾನು ಮಾಡಿದ್ರೆ ಉಂಟು, ಇಲ್ದಿದ್ರೆ ಇಲ್ಲ. ಇವತ್ತು ಎತ್ತಿದ್ದೇ ತಡ, ಅಕ್ಕ, ಇಪ್ಪತ್ತೆಂಟು ಕಡ್ಡಿ ಚಕ್ರ ಒಳ್ಳೇದೋ ಮೂವತ್ತೆರಡರದ್ದೋ ಅಂತಾನೆ. ನಾನೇನು ಕಂಡೆ ನಿಮ್ಮ ಕಡ್ಡಿ ವಿಷಯ? ನಾಲ್ಕು ಜಾಸ್ತಿ ಇದ್ರೆ ನಷ್ಟ ಏನೋ, ಇರ್ಲಿ ಬಿಡು ಅಂದೆ. ನಕ್ಕುಬಿಟ್ಟ ಕಣ್ರೀ. ಅವನ ನಗು ಹೇಗಿರ್ತಿತ್ತು ಅನ್ನೋದೇ ಮರೆತುಹೋಗಿತ್ತು ನನಗೆ."

ಮೇಷ್ಟ್ರು ತಲೆಯಾಡಿಸಿದರು.

"ಅವತ್ತೇ ನಿಮ್ಮ ಮಾತು ಕೇಳಿ ಗಟ್ಟಿ ರಿಮ್ಮು ಹಾಕಿಸ್ಕೊಂಡಿದ್ದಿದ್ರೆ..." ಅಂತ ಎಂದಿನಂತೆ ಶುರುಮಾಡಿ ಅಲ್ಲಿಗೇ ನಿಲ್ಲಿಸಿದಳು. ಆ ಮಾತು ಆ ಮನೆಯಲ್ಲಿ ಎಷ್ಟು ಸಲ ಬಂದಿತ್ತೆಂದರೆ ಪೂರ್ತಿ ಮಾಡುವ ಅಗತ್ಯವೇ ಇರಲಿಲ್ಲ. ಮೇಷ್ಟ್ರು ಪ್ರತಿ ಸಲದಂತೆ ತಟ್ಟೆಯನ್ನೇ ನೋಡುತ್ತ ಕೂತರು.

ಅವತ್ತು ನಡೆದದ್ದು ಹೀಗೆ. ಮಿಡತೆ ಆಗ ಮರದ ಮೆಟ್ಟಿಲು ಮಾಡುವ ಬಡಗಿ. ಸುತ್ತಿಕೊಂಡು ಮೇಲೇರುವ ಮೆಟ್ಟಿಲಿಗೆ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ರಜೆ ಬಂತೆಂದರೆ ಗುಡ್ಡ. ಹೊಸ ಮುಂದಿನ ಚಕ್ರ ಬೇಕು ಅಂತ ಬಂದಾಗ ಮೇಷ್ಟ್ರು ತಕ್ಕಡಿಯ ಮೇಲೆ ಎರಡು ರಿಮ್ಮು ಇಟ್ಟು ತೋರಿಸಿದ್ದರು. ಒಂದು ಐನೂರ ಅರವತ್ತು ಗ್ರಾಂ, ಇನ್ನೊಂದು ಮುನ್ನೂರ ತೊಂಬತ್ತು. ಭಾರದ್ದು ತೊಗೋ, ನೀನು ಹಾರೋ ಪ್ರಾಣಿ ಅಂತ ಮೇಷ್ಟ್ರು. ಹಗುರ ಇದ್ದರೆ ತಾನೇ ಹಾರೋಕಾಗೋದು ಅಂತ ಅವನು. ಅರ್ಧ ದಿನ ಗಿರಾಕಿಗಳ ಮುಂದೆಯೇ ವಾದ ನಡೆಯಿತು. ಕೊನೆಗೆ ಅವನು ಹಗುರದ ರಿಮ್ಮನ್ನು ಕಿರುಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ, ಇದೇ ಅಂದ. ಮೇಷ್ಟ್ರು ಅದನ್ನೇ ಕಟ್ಟಿಕೊಟ್ಟರು. ಇಷ್ಟು ಎಲ್ಲರಿಗೂ ಗೊತ್ತಿದ್ದದ್ದು.

ಯಾರಿಗೂ ಗೊತ್ತಿಲ್ಲದ್ದು ಇನ್ನೊಂದು ಇತ್ತು. ಐದು ತಿಂಗಳು ಆ ಚಕ್ರ ಚೆನ್ನಾಗಿಯೇ ಓಡಿತ್ತು. ಆಮೇಲೊಂದು ದಿನ, ಮುಂದಿನಿಂದ ಟಿಕ್ ಟಿಕ್ ಅಂತ ಸದ್ದು ಬರ್ತಿದೆ ಅಂತ ಮಿಡತೆ ಚಕ್ರ ತಂದ. ಒಂದರ ಮೇಲೊಂದು ಹಾಯುವ ಕಡ್ಡಿಗಳು ಉಜ್ಜಿ ಬರುವ ಸದ್ದು ಅದು. ಒಂದು ತೊಟ್ಟು ಎಣ್ಣೆ ಬಿಟ್ಟಿದ್ದರೆ ನಿಲ್ಲುತ್ತಿತ್ತು. ಅವತ್ತು ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ಭಾನುವಾರ ಎಲ್ಲೋ ರೇಸು, ಎಲ್ಲರಿಗೂ ಅವಸರ. ಮೇಷ್ಟ್ರು ಕಡ್ಡಿಯ ಬಿಗಿ ಅಳೆಯುವ ಮೀಟರು ಹಿಡಿದು ನೋಡಿದರು. ಬಿಗಿ ಕಡಿಮೆ ಅಂತ ತೋರಿಸಿತು. ಸಡಿಲ ಆಗಿದೆ ಅಂದುಕೊಂಡು ಒಂದೊಂದು ಕಡ್ಡಿಗೂ ಕಾಲು ಸುತ್ತು ಬಿಗಿದು ಕೊಟ್ಟು ಕಳಿಸಿದರು. ಆ ಮೀಟರು ಹಿಂದಿನ ವಾರ ಬೆಂಚಿನಿಂದ ಸಿಮೆಂಟಿನ ನೆಲಕ್ಕೆ ಬಿದ್ದಿತ್ತು. ಮುಳ್ಳು ಮತ್ತೆ ಸೊನ್ನೆಗೆ ಬಂದು ನಿಂತಿತಲ್ಲ, ಏನೂ ಆಗಿಲ್ಲ ಅಂತ ಅವರು ಎತ್ತಿಟ್ಟಿದ್ದರು.

ಎರಡು ವಾರದ ಮೇಲೆ ಇಳಿಜಾರಿನ ಮೂರನೇ ತಿರುವಿನಲ್ಲಿ ಮುಂದಿನ ಚಕ್ರ ಹಪ್ಪಳದ ಹಾಗೆ ಮಡಚಿಕೊಂಡಿತು. ಮಿಡತೆ ಹ್ಯಾಂಡಲ್ಲಿನ ಮೇಲಿಂದ ಹಾರಿ ಎಡಭುಜ ಊರಿ ಬಂಡೆಯ ಮೇಲೆ ಬಿದ್ದ. ಕತ್ತಿನ ಹತ್ತಿರ ಕೈಯ ನರಗಳು ಬೇರುಸಹಿತ ಕಿತ್ತುಬಂದವು ಅಂದರು ಡಾಕ್ಟರು.

ಚಕ್ರ ಮಡಚಿದ ಸೈಕಲ್ಲನ್ನು ಜೊತೆಗಾರರು ಅಂಗಡಿಗೆ ತಂದು ಹಾಕಿದರು. ಮೇಷ್ಟ್ರು ರಿಮ್ಮನ್ನು ಬೆಳಕಿಗೆ ಹಿಡಿದು ನೋಡಿದರು. ಒಂದೊಂದು ಕಡ್ಡಿಯ ತೂತಿನ ಸುತ್ತಲೂ ಕೂದಲಿನಂಥ ಬಿರುಕು, ಬಿರುಕಿನ ಒಳಗೆ ಕಪ್ಪು ಕೊಳೆ. ಆಗಷ್ಟೇ ಮುರಿದ ಲೋಹ ಹೊಳೆಯುತ್ತದೆ, ಹಳೆಯ ಬಿರುಕಿನಲ್ಲಿ ಮಾತ್ರ ಕೊಳೆ ಸೇರುತ್ತದೆ. ಆ ರಿಮ್ಮು ಬಂಡೆಗೆ ಬಡಿದು ಒಡೆದದ್ದಲ್ಲ, ಎರಡು ವಾರದಿಂದ ಒಡೆಯುತ್ತಲೇ ಇತ್ತು. ಅವರು ಒಂದು ಕಡ್ಡಿಗೆ ಐವತ್ತು ಕಿಲೋ ತೂಗುಹಾಕಿ ಮೀಟರು ಹಿಡಿದರು. ಮೀಟರು ಮೂವತ್ತೈದೇ ತೋರಿಸಿತು. ಅಂದರೆ ಸರಿಯಾಗಿದ್ದ ಕಡ್ಡಿಗಳನ್ನೇ ಅವರು ಅತಿಯಾಗಿ ಬಿಗಿದಿದ್ದರು.

ರಿಮ್ಮನ್ನು ಗರಗಸದಲ್ಲಿ ನಾಲ್ಕು ತುಂಡು ಮಾಡಿ ಗುಜರಿಗೆ ಹಾಕಿದರು. ಮೀಟರನ್ನು ಚರಂಡಿಗೆ ಎಸೆದರು. ಹೇಳಿಬಿಡಬೇಕು ಅಂತಲೇ ಆಸ್ಪತ್ರೆಗೆ ಹೋದರು. ಅಲ್ಲಿ ವರಾಂಡದಲ್ಲಿ ಹೆಂಡತಿ ಅವರ ಎದೆಗೆ ಒರಗಿ, ನಿಮ್ಮ ಮಾತು ಕೇಳಲಿಲ್ಲ ನೋಡಿ ಅವನು ಅಂತ ಅತ್ತಳು. ಮೂರನೇ ದಿನ ಕಣ್ಣು ಬಿಟ್ಟ ಮಿಡತೆ ಮೊದಲು ಆಡಿದ ಮಾತೂ ಅದೇ. "ನೀನು ಹೇಳಿದ್ದೆ ಭಾವ." ಮೇಷ್ಟ್ರ ಬಾಯಿಗೆ ಬಂದಿದ್ದ ಮಾತು ಒಳಗೇ ಇಳಿಯಿತು. ನಾಳೆ ಹೇಳೋಣ ಅಂದುಕೊಂಡರು. ಅಂಥ ನಾಳೆಗಳು ಎರಡು ವರ್ಷ ಬಂದು ಹೋದವು. ಮುನ್ನೆಚ್ಚರಿಕೆ ಕೊಟ್ಟ ಮನುಷ್ಯ ಅಂತ ಅಂಗಡಿಗೆ ಇನ್ನಷ್ಟು ಜನ ಬರತೊಡಗಿದರು. ಅದನ್ನು ಅವರು ತಡೆಯಲೂ ಇಲ್ಲ.

ಹಾಳೆ ಹಿಡಿದು ಬಂದ ಆ ಮಂಗಳವಾರದ ನಂತರ ಮಿಡತೆ ಪ್ರತಿ ಶನಿವಾರ ಮಧ್ಯಾಹ್ನ ಅಂಗಡಿಗೆ ಬರತೊಡಗಿದ. ಅವನಿಗೀಗ ಊರಾಚೆ ಲಾರಿಗಳನ್ನು ತೂಗುವ ಕಟ್ಟೆಯಲ್ಲಿ ಕೆಲಸ. ಗಾಜಿನ ಗೂಡಿನಲ್ಲಿ ಕೂತು, ಲಾರಿ ಬಂದು ನಿಂತಾಗ ಗುಂಡಿ ಒತ್ತಿ, ಚೀಟಿ ಹರಿದು ಕೊಡಬೇಕು. ಒಂದು ಕೈ ಸಾಕು.

"ಗ್ರಾಂ ಗ್ರಾಮಿಗೂ ಜಗಳ ಆಡಿದೋನು ನಾನು" ಅನ್ನುತ್ತಿದ್ದ. "ಈಗ ಇಪ್ಪತ್ತು ಟನ್ನಿಗಿಂತ ಕಡಿಮೆ ಇದ್ರೆ ತಲೆ ಎತ್ತಿ ನೋಡಲ್ಲ."

ಮೊದಲ ಶನಿವಾರ ಮುಂದಿನ ಹಬ್ಬಿನ ತೀರ್ಮಾನವಾಯಿತು. ಹಬ್ಬು ಅಂದರೆ ಚಕ್ರದ ನಡುವೆ ಕಡ್ಡಿಗಳೆಲ್ಲ ಬಂದು ಸೇರುವ ಭಾಗ, ಬೇರಿಂಗು ಇರುವ ಜಾಗ. ಬಿಚ್ಚಿ ಗ್ರೀಸ್ ತುಂಬುವಂಥದ್ದು ಬೇಕೋ, ಮುಚ್ಚಿದ ಬೇರಿಂಗಿನದೋ ಅಂತ ಕೇಳಿದಾಗ ಅವನು ಹೆಚ್ಚು ಯೋಚಿಸಲಿಲ್ಲ. "ಮುಚ್ಚಿದ್ದೇ ಇರ್ಲಿ. ಒಂದು ಕೈಲಿ ಎಲ್ಲಿ ಗ್ರೀಸ್ ಮೆತ್ತಲಿ? ಮೆತ್ತಿದ್ರೆ ಮುಖಕ್ಕೆ ಮೆತ್ಕೋಬೇಕು."

ಹಿಂದಿನ ಹಬ್ಬಿಗೆ ಎರಡು ಶನಿವಾರ ಬೇಕಾದವು. ಮೇಷ್ಟ್ರು ಬೆಂಚಿನ ಮೇಲೆ ಮೂರು ಹಬ್ಬು ಸಾಲಾಗಿ ಇಟ್ಟರು. ತುಳಿಯುವುದು ನಿಲ್ಲಿಸಿ ಮತ್ತೆ ತುಳಿದಾಗ ಹಬ್ಬು ಒಳಗೆ ಕಚ್ಚಿಕೊಂಡು ಚಕ್ರವನ್ನು ತಳ್ಳಬೇಕು. ಒಂದು ಸುತ್ತಿನಲ್ಲಿ ಹದಿನೆಂಟು ಕಡೆ ಕಚ್ಚುವುದು ಒಂದು, ಮೂವತ್ತಾರು ಕಡೆಯದು ಇನ್ನೊಂದು, ಎಪ್ಪತ್ತೆರಡರದ್ದು ಮತ್ತೊಂದು. ಕಚ್ಚುವ ಜಾಗ ಹೆಚ್ಚಿದ್ದಷ್ಟೂ ಕಾಲಿಗೆ ಬೇಗ ಉತ್ತರ ಸಿಗುತ್ತದೆ. ಹಾಗೆಯೇ ಒಂದೊಂದಕ್ಕೂ ತನ್ನದೇ ಸದ್ದು. ಮಿಡತೆ ಕಣ್ಣು ಮುಚ್ಚಿ ಒಂದೊಂದನ್ನೇ ತಿರುಗಿಸಿ ಕೇಳಿದ.

"ಇದು ಜೀರುಂಡೆ" ಅಂದ ಮೊದಲನೆಯದಕ್ಕೆ. ಎರಡನೆಯದಕ್ಕೆ, "ಇದು ನಮ್ಮಮ್ಮ ಒಳಗೆ ಪಾತ್ರೆ ತೊಳೀತಾ ಗೊಣಗಿದ ಹಾಗಿದೆ. ಬೇಡ. ಮನೇಲಿ ಕೇಳಿದ್ದು ಸಾಕು." ಮೂರನೆಯದನ್ನು ತುಂಬಾ ಹೊತ್ತು ತಿರುಗಿಸಿದ. ಸಣ್ಣ ಸರಿಗೆ ಎಳೆದಂಥ ಸದ್ದು. "ಹತ್ತುವಾಗ ಮಧ್ಯೆ ಕಲ್ಲು ಬಂದು ಕಾಲು ನಿಲ್ಲಿಸಿದೆ ಅಂತಿಟ್ಕೋ. ಮತ್ತೆ ತುಳಿದಾಗ ತಕ್ಷಣ ಕಚ್ಚದಿದ್ರೆ ವಾಲಿ ಬೀಳ್ತೀನಿ. ಇನ್ನೊಂದು ಕೈ ಇದ್ರೆ ಎಳ್ದು ನಿಲ್ಲಿಸ್ಬಹುದಿತ್ತು. ಇದೇ ಇರ್ಲಿ ಭಾವ, ಎಪ್ಪತ್ತೆರಡರದ್ದು."

ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಹತ್ತುವುದಕ್ಕೆ ಅದು ಸರಿ. ಇಳಿಯುವ ವಿಷಯ ಅವನೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ.

ಮಿಡತೆ ಬದಲಾಗುತ್ತಿದ್ದ. ಗಡ್ಡ ಬೋಳಿಸಿದ. ಕೆಲಸಕ್ಕೆ ಬಸ್ಸು ಬಿಟ್ಟು ನಡೆದುಹೋಗತೊಡಗಿದ. ಬಲಗೈಗೆ ಬಲ ಬರಲಿ ಅಂತ ಮರಳು ತುಂಬಿದ ಡಬ್ಬ ಎತ್ತಿ ಇಳಿಸುತ್ತಾನಂತೆ ಅಂತ ಹೆಂಡತಿ ಹೇಳಿದಳು. ಅವಳೂ ಕೆಲಸಕ್ಕೆ ಹೊರಡುವಾಗ ಏನೋ ಗುನುಗುತ್ತಿದ್ದಳು. ಮೇಷ್ಟ್ರಿಗೆ ಮಾತ್ರ ಊಟ ಸೇರುತ್ತಿರಲಿಲ್ಲ. ಹೀಗೇ ಆರಿಸುತ್ತಲೇ ಇದ್ದುಬಿಟ್ಟರೆ ಆಗದೆ, ಅಂತ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಈ ವಾರ ಮಾಲು ಬಂದಿಲ್ಲ, ಮುಂದಿನ ವಾರ ನೋಡೋಣ ಅಂತ ಒಂದು ಸಲ ಸುಳ್ಳೂ ಹೇಳಿದರು. ಆರಿಸುವವರೆಗೆ ಅವನು ಗೆಲುವಾಗಿ ಇರುತ್ತಾನೆ. ಕಟ್ಟಿ ಕೊಟ್ಟ ದಿನ ಸೈಕಲ್ಲು ಬಾಗಿಲಲ್ಲಿ ನಿಲ್ಲುತ್ತದೆ, ಆಮೇಲೆ?

ನಾಲ್ಕನೇ ಶನಿವಾರ ರಿಮ್ಮಿನ ಸರದಿ. ಮೇಷ್ಟ್ರು ತಕ್ಕಡಿ ತೆಗೆಯುವ ಮೊದಲೇ ಮಿಡತೆ ಕೊಕ್ಕೆಯಿಂದ ಎಲ್ಲಕ್ಕಿಂತ ದಪ್ಪನೆಯ ರಿಮ್ಮು ಇಳಿಸಿ ತಾನೇ ತೂಗಿದ. ಆರುನೂರ ಹತ್ತು.

"ಇದಕ್ಕಿಂತ ಭಾರದ್ದಿಲ್ವಾ?"

"ಇದಕ್ಕಿಂತ ಬೇಕು ಅಂದ್ರೆ ನಿನ್ನ ಲಾರಿದೇ ಬಿಚ್ಕೊಂಡು ಬರ್ಬೇಕು" ಅಂದರು ಮೇಷ್ಟ್ರು.

ಮಿಡತೆ ನಕ್ಕ. ರಿಮ್ಮನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಒಂದೊಂದೇ ತೂತು ಸವರುತ್ತ ಕೂತ. ಮೇಲೆ ಡ್ರಿಲ್ಲು ಸ್ವಲ್ಪ ಹೊತ್ತು ಕೊರೆದು ನಿಂತಿತು.

"ಒಂದು ಮಾತು ಹೇಳ್ಲಾ ಭಾವ? ಮೊದಲ ವರ್ಷ ನನಗೆ ನನ್ನ ಮೇಲೇ ಎಷ್ಟು ಕೋಪ ಇತ್ತು ಅಂದ್ರೆ ಕನ್ನಡಿ ನೋಡ್ತಿರ್ಲಿಲ್ಲ. ನೂರ ಎಪ್ಪತ್ತು ಗ್ರಾಂ ಉಳಿಸೋಕೆ ಹೋಗಿ ಒಂದು ಕೈ ಕಳ್ಕೊಂಡೆನಲ್ಲ ಅಂತ. ಆಮೇಲಾಮೇಲೆ ಅದೇ ಒಂಥರಾ ಸಮಾಧಾನ ಆಯ್ತು. ತಪ್ಪು ನಂದು ಅಂದ್ಮೇಲೆ ಸರಿಯಾದ್ದು ಅಂತ ಒಂದು ಇದ್ದೇ ಇತ್ತಲ್ಲ? ಸರಿಯಾಗಿ ಆರಿಸಿದ್ರೆ ಬೀಳ್ತಿರ್ಲಿಲ್ಲ ತಾನೇ? ಇದೊಂದು ಸಲ ಸರಿಯಾಗಿ ಆರಿಸಿ ನೋಡ್ಬೇಕು. ಗುಡ್ಡ ಬೇಡ, ಬುಡದಲ್ಲಿ ಮಣ್ಣಿನ ದಾರಿ ಇದೆಯಲ್ಲ, ಅಲ್ಲೇ ನೂರು ಗಜ ಹೋದ್ರೂ ಸಾಕು."

ಮೇಷ್ಟ್ರು ಕೈಗೆ ಸಿಕ್ಕ ಬಟ್ಟೆ ತೆಗೆದುಕೊಂಡು, ಒರೆಸಿದ ಬೆಂಚನ್ನೇ ಮತ್ತೆ ಒರೆಸಿದರು.

ಐದನೇ ಶನಿವಾರ ಮುಂದಿನ ಚಕ್ರ ಕಟ್ಟಲು ಕೂತರು. ಮೂವತ್ತೆರಡು ಕಡ್ಡಿ, ಕಡ್ಡಿಯ ತುದಿಯನ್ನು ರಿಮ್ಮಿಗೆ ಬಿಗಿಯುವ ಹಿತ್ತಾಳೆಯ ನಿಪ್ಪಲ್ಲು. ಮಿಡತೆ ಸ್ಟೂಲಿನ ಮೇಲೆ ಕೂತು ಒಂದೊಂದೇ ಕಡ್ಡಿ ಎತ್ತಿಕೊಡುತ್ತಿದ್ದ. ಹತ್ತು ಕಡ್ಡಿಗೆ ನಿಪ್ಪಲ್ಲನ್ನು ತಾನೇ ಹಾಕುತ್ತೇನೆಂದು ಹಟ ಹಿಡಿದ. ರಿಮ್ಮನ್ನು ಮಂಡಿಗಳ ನಡುವೆ ಒತ್ತಿಹಿಡಿದು ಬಲಗೈಯ ಎರಡು ಬೆರಳಿನಲ್ಲಿ ತಿರುಗಿಸುತ್ತಿದ್ದ. ಜಾರಿ ಬಿದ್ದದ್ದನ್ನು ನೆಲದಲ್ಲಿ ಹುಡುಕಿ ಮತ್ತೆ ಹಾಕುತ್ತಿದ್ದ. ಮೆಟ್ಟಿಲು ಮಾಡುತ್ತಿದ್ದ ಕಾಲದ ತಾಳ್ಮೆ ಆ ಬೆರಳುಗಳಲ್ಲಿ ಇನ್ನೂ ಉಳಿದಿತ್ತು. ಹತ್ತೂ ಮುಗಿಸಿ ಬೆವರು ಒರೆಸಿಕೊಂಡ.

ಚಕ್ರವನ್ನು ಸ್ಟ್ಯಾಂಡಿಗೆ ಏರಿಸಿ, ಅಲ್ಲಲ್ಲಿ ಸೊಟ್ಟ ತೆಗೆದು, ಬಿಗಿ ನೋಡಲು ಮೇಷ್ಟ್ರು ಮೀಟರು ಎತ್ತಿಕೊಂಡರು.

"ಹೊಸದು ತಗೊಂಡ್ಯಾ?" ಅಂದ ಮಿಡತೆ. "ಹಳೇದೆಲ್ಲಿ? ಅದನ್ನ ಯಾರಿಗೂ ಮುಟ್ಟೋಕೇ ಬಿಡ್ತಿರ್ಲಿಲ್ಲ ನೀನು."

ಕೆಟ್ಟುಹೋಯಿತು ಅಂದಿದ್ದರೆ ಮುಗಿಯುತ್ತಿತ್ತು. ಆ ಉತ್ತರ ಎರಡು ವರ್ಷದಿಂದ ನಾಲಿಗೆಯ ತುದಿಯಲ್ಲೇ ಇತ್ತು. ಮಿಡತೆಯ ಬೆರಳ ತುದಿ ಹಿತ್ತಾಳೆ ಉಜ್ಜಿ ಕೆಂಪಾಗಿದ್ದನ್ನು ಮೇಷ್ಟ್ರು ನೋಡಿದರು.

"ಬಿದ್ದಿತ್ತು" ಅಂದರು.

"ಯಾವಾಗ?"

"ನೀನು ಟಿಕ್ ಟಿಕ್ ಅಂತಿದೆ ಅಂತ ಚಕ್ರ ತಂದಿದ್ದೆಯಲ್ಲ, ಅದಕ್ಕೆ ಒಂದು ವಾರ ಮುಂಚೆ."

ಮಿಡತೆಗೆ ಅರ್ಥವಾಗಲಿಲ್ಲ. ಅರ್ಥವಾಗುವ ಹಾಗೆ ಮೇಷ್ಟ್ರೇ ಹೇಳಿದರು. ಮೀಟರು ಬಿದ್ದದ್ದು, ಕಾಲು ಸುತ್ತು ಬಿಗಿದದ್ದು, ಬಿರುಕಿನ ಒಳಗೆ ಕೊಳೆ ಕಂಡದ್ದು, ಐವತ್ತು ಕಿಲೋಗೆ ಮೂವತ್ತೈದು ತೋರಿಸಿದ್ದು, ಗರಗಸ, ಚರಂಡಿ, ಎಲ್ಲ. ನಡುವೆ ಎಲ್ಲೂ ನಿಲ್ಲಲಿಲ್ಲ. ನಿಂತರೆ ಮತ್ತೆ ಶುರುಮಾಡಲು ಆಗುವುದಿಲ್ಲ ಅನ್ನುವುದು ಗೊತ್ತಿತ್ತು.

ಮಿಡತೆ ಸ್ಟ್ಯಾಂಡಿನಲ್ಲಿದ್ದ ಚಕ್ರದ ಒಂದು ಕಡ್ಡಿಯನ್ನು ಬೆರಳಿನಿಂದ ಒತ್ತಿ ನೋಡಿದ.

"ಹಾಗಾದ್ರೆ ಆ ರಿಮ್ಮು ಸರಿಯಾಗೇ ಇತ್ತು."

"ಇತ್ತು. ಹಗುರದ್ದಾದ್ರೂ ತಡೀತಿತ್ತು. ನಾನು ಬಿಗಿದಿದ್ದನ್ನ ತಡೀಲಿಲ್ಲ."

"ನಾನು ಆರಿಸಿದ್ದು ತಪ್ಪಲ್ಲ."

"ತಪ್ಪಲ್ಲ."

"ಭಾರದ್ದು ಹಾಕಿಸಿದ್ದಿದ್ರೆ?"

ಮೇಷ್ಟ್ರು ಯೋಚಿಸಿದರು. ಇನ್ನು ಒಂದು ಸುಳ್ಳನ್ನೂ ಸೇರಿಸಬಾರದು ಅನ್ನಿಸಿತು. "ಇನ್ನೊಂದು ತಿಂಗಳು ತಡೀತಿತ್ತೇನೋ. ಗೊತ್ತಿಲ್ಲ."

ಮಿಡತೆ ತಲೆಯಾಡಿಸಿದ. ಅವನ ಮುಖದಲ್ಲಿ ಕೋಪ ಬರಲಿ ಅಂತ ಮೇಷ್ಟ್ರು ಕಾದರು. ಬರಲಿಲ್ಲ. ನಾಲ್ಕು ಶನಿವಾರಗಳಿಂದ ಅಲ್ಲಿ ಸೇರಿದ್ದ ಗೆಲುವು ಮಾತ್ರ ಅವರ ಕಣ್ಣೆದುರೇ ಇಳಿದುಹೋಯಿತು.

"ಬೈಯೋ" ಅಂದರು ಮೇಷ್ಟ್ರು. "ಹೊಡಿ ಬೇಕಾದ್ರೆ."

"ಒಂದು ಕೈಲಿ ಏನು ಹೊಡೀಲಿ?" ಅಂದ. ತಮಾಷೆಗೆ ಅಂದದ್ದಲ್ಲ. ಎದ್ದು ನಿಂತು, ಕೆಳಗೆ ಜೋತುಬಿದ್ದಿದ್ದ ಎಡಗೈಯನ್ನು ಬಲಗೈಯಿಂದ ಎತ್ತಿ ಜೇಬಿಗೆ ಹಾಕಿಕೊಂಡ. "ನಂದು ತಪ್ಪಾಗಿದ್ರೆ ಈ ಸಲ ಸರಿ ಮಾಡ್ಬಹುದಿತ್ತು ಭಾವ. ಈಗ ನಾನು ಏನನ್ನ ಅಂತ ಆರಿಸ್ಲಿ?"

ಮೆಟ್ಟಿಲಿಳಿದು ಹೋದ. ಮೇಷ್ಟ್ರು ಹಿಂದೆ ಹೋಗಲಿಲ್ಲ.

ಮುಂದಿನ ಶನಿವಾರ ಅವನು ಬರಲಿಲ್ಲ, ಅದರ ಮುಂದಿನ ಶನಿವಾರವೂ ಇಲ್ಲ. ಅಕ್ಕ ಫೋನು ಮಾಡಿದರೆ, ಮನಸ್ಸಿಲ್ಲ ಅಕ್ಕ, ಇನ್ನೊಮ್ಮೆ ನೋಡೋಣ ಅಂದನಂತೆ. ನಡೆದದ್ದನ್ನು ಅವನೂ ಮೇಷ್ಟ್ರೂ ಅವಳಿಗೆ ಹೇಳಿರಲಿಲ್ಲ. ಅವಳು ಅವನಿಗೇ ಬೈದಳು. ನಿಮ್ಮ ಭಾವ ತಮ್ಮ ಕೆಲಸ ಬಿಟ್ಟು ಕೂತಿದ್ರು, ನಿನ್ನ ಚಂಚಲ ಬುದ್ಧಿ ಸಾಯೋತನಕ ಹೋಗಲ್ಲ ಅಂತ. ಗೋಡೆಯ ಈಚೆ ಕೂತು ಆ ಬೈಗುಳ ಕೇಳಿಸಿಕೊಳ್ಳುವುದು ಮೇಷ್ಟ್ರಿಂದ ಆಗಲಿಲ್ಲ. ಅವಳು ಫೋನು ಇಟ್ಟ ಕೂಡಲೇ ಎದುರು ಕೂರಿಸಿ ಹೇಳಿದರು.

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಉಗುರಿನ ಸಂದಿಯಲ್ಲಿ ಸೇರಿದ್ದ ಗಾಜಿನ ಪುಡಿಯನ್ನು ಪಿನ್ನಿನಿಂದ ತೆಗೆಯುತ್ತ ಪೂರ್ತಿ ಕೇಳಿದಳು.

"ಅವತ್ತು ಆಸ್ಪತ್ರೇಲಿ ಹೇಳ್ಬೇಕಿತ್ತು" ಅಂದಳು ಕೊನೆಗೆ. "ಇಲ್ಲ ಅಂದ್ರೆ ಯಾವತ್ತೂ ಹೇಳ್ಬಾರ್ದಿತ್ತು. ಅವನು ನಗೋಕೆ ಶುರುಮಾಡಿದ್ದ ರೀ."

"ಸುಳ್ಳಿನ ಮೇಲೆ ಎಷ್ಟು ದಿನ ಅಂತ..."

"ಎರಡು ವರ್ಷ ಇಟ್ಕೊಂಡಿದ್ರಲ್ಲ, ಭಾರ ಆಗಿದ್ದು ಈಗ್ಲಾ? ನಿಮ್ಮ ಭಾರ ಇಳೀತು. ಎಲ್ಲಿ ಇಳಿಸಿದ್ರಿ ನೋಡಿದ್ರಾ?"

ಅವಳು ಎದ್ದು ಒಳಗೆ ಹೋದಳು. ನಾನೂ ಅವನಿಗೆ ಎಷ್ಟು ಸಲ ಚುಚ್ಚಿದೀನಿ, ಭಾವನ ಮಾತು ಕೇಳಲಿಲ್ಲ ನೀನು ಅಂತ, ಅಂದದ್ದು ಒಳಗಿನಿಂದ ಕೇಳಿಸಿತು. ಅದು ಗಂಡನಿಗೆ ಹೇಳಿದ ಮಾತಾಗಿರಲಿಲ್ಲ.

ಒಂದು ತಿಂಗಳು ಕಾದು ಮೇಷ್ಟ್ರು ಲಾರಿ ತೂಗುವ ಕಟ್ಟೆಗೆ ಹೋದರು. ಬೆಳಗ್ಗೆ ಹತ್ತು ಗಂಟೆಯ ಬಿಸಿಲು, ಎಲ್ಲೆಡೆ ಜಲ್ಲಿಪುಡಿ. ಆರು ಲಾರಿ ಸಾಲಾಗಿ ನಿಂತಿದ್ದವು. ಗಾಜಿನ ಗೂಡಿನ ಕಿಟಕಿಯಲ್ಲಿ ಮಿಡತೆಯ ಮುಖ ಕಂಡಿತು. ಗಡ್ಡ ಮತ್ತೆ ಬೆಳೆದಿತ್ತು. ಇವರನ್ನು ನೋಡಿ ಕಿಟಕಿ ಸರಿಸಿದ.

"ಬನ್ನಿ ಭಾವ" ಅಂದ. "ನೀವ್ಯಾಕೆ ಇಷ್ಟು ದೂರ ಬರೋಕೆ ಹೋದ್ರಿ?"

ಆ ಬನ್ನಿ, ಆ ನೀವು ಕೇಳಿ ಮೇಷ್ಟ್ರು ಕಿಟಕಿಯಿಂದ ಎರಡು ಹೆಜ್ಜೆ ದೂರದಲ್ಲೇ ನಿಂತರು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವನ ಬಾಯಲ್ಲಿ ಬಾರದ ಮಾತು. ವ್ಯಂಗ್ಯವಿರಲಿಲ್ಲ, ಸಿಟ್ಟಿರಲಿಲ್ಲ. ಗುರುತಿನವರಿಗೆ ಕೊಡುವ ಮರ್ಯಾದೆ, ಅಷ್ಟೇ.

"ಚಕ್ರ ಅರ್ಧ ಆಗಿದೆ" ಅಂದರು. "ಇನ್ನೊಂದು ದಿನ ಬಂದ್ರೆ ಮುಗಿಸ್ಬಹುದು."

"ಬೇಡಿ ಭಾವ. ಬೇರೆ ಯಾರಿಗಾದ್ರೂ ಹಾಕಿಕೊಡಿ. ಒಳ್ಳೆ ಹಬ್ಬು ಅದು."

"ನನ್ನ ಮೇಲೆ ಕೋಪ ಇದ್ರೆ ಹೇಳಿಬಿಡೋ."

ಮಿಡತೆ ಗುಂಡಿ ಒತ್ತಿ, ಬಂದ ಚೀಟಿ ಹರಿದು, ಕೈ ಚಾಚಿದ ಚಾಲಕನಿಗೆ ಕೊಟ್ಟ. "ಕೋಪ ಮಾಡ್ಕೊಳ್ಳೋಕೆ ನೋಡಿದೆ. ಬರಲ್ಲ. ಮೀಟರ್ ಬಿತ್ತು. ಬೀಳ್ಬೇಕು ಅಂತ ಬೀಳಿಸಿದ್ರಾ? ಇಲ್ಲ. ಆಸ್ಪತ್ರೇಲಿ ನಾನೇ ಮೊದಲು ಬಾಯಿಬಿಟ್ಟು 'ನೀನು ಹೇಳಿದ್ದೆ' ಅಂದೆ, ನಿಮ್ಮ ಬಾಯಿ ಕಟ್ಟಿತು. ಎಲ್ಲ ಅರ್ಥ ಆಗುತ್ತೆ. ಅರ್ಥ ಆದ್ರೆ ಏನು ಬಂತು?" ಹಿಂದಿನ ಲಾರಿಯವನು ಹಾರನ್ ಒತ್ತಿದ. "ಸ್ವಲ್ಪ ಪಕ್ಕಕ್ಕೆ ನಿಲ್ಲಿ ಭಾವ, ಲಾರಿ ಬರ್ಬೇಕು."

ಮೇಷ್ಟ್ರು ಪಕ್ಕಕ್ಕೆ ನಿಂತರು. ಲಾರಿ ಬಂತು, ತೂಗಿತು, ಹೋಯಿತು. ಇನ್ನೊಂದು ಬಂತು. ಮಿಡತೆ ಮತ್ತೆ ಕಿಟಕಿಯ ಕಡೆ ನೋಡಲಿಲ್ಲ. ನೋಡಬಾರದೆಂದಲ್ಲ, ಸಾಲು ಉದ್ದವಿತ್ತು. ಐದನೆಯ ಲಾರಿ ಹೋದ ಮೇಲೆ ಮೇಷ್ಟ್ರು ಬಸ್ಸು ಹಿಡಿದು ಅಂಗಡಿಗೆ ವಾಪಸಾದರು. ಅರ್ಧ ಕಟ್ಟಿದ ಚಕ್ರ ಬಿಚ್ಚಿ ಕಡ್ಡಿಗಳನ್ನು ಡಬ್ಬಕ್ಕೆ ಹಾಕಿದರು. ಹಬ್ಬುಗಳನ್ನು ಆ ತಿಂಗಳೇ ಯಾರೋ ದಂಪತಿ ಒಯ್ದರು. ಭಾರದ ರಿಮ್ಮು ಯಾರಿಗೂ ಬೇಕಾಗಲಿಲ್ಲ.

ಗಂಡಹೆಂಡಿರ ನಡುವೆ ಮಾತು ನಿಲ್ಲಲಿಲ್ಲ. ಬೀಗದ ಕೈ ಎಲ್ಲಿ, ನಲ್ಲಿ ಸೋರುತ್ತಿದೆ, ನಾಳೆ ಬೇಗ ಹೋಗಬೇಕು, ಇಂಥವೆಲ್ಲ ನಡೆದವು. ಭಾನುವಾರಗಳಲ್ಲಿ ಅವಳು ಒಬ್ಬಳೇ ತವರಿಗೆ ಹೋಗಿಬರತೊಡಗಿದಳು. ನೀವೂ ಬನ್ನಿ ಅಂತ ಕರೆಯಲಿಲ್ಲ, ಬರಬೇಡಿ ಅಂತಲೂ ಅನ್ನಲಿಲ್ಲ. ಅವಳು ಬರುವ ಹೊತ್ತಿಗೆ ಮೇಷ್ಟ್ರು ಅಡುಗೆಮನೆಯಲ್ಲಿ ಏನಾದರೂ ಕೆಲಸ ಹಿಡಿದು ನಿಂತಿರುತ್ತಿದ್ದರು. ಚಪ್ಪಲಿ ಬಿಡುವ ಸದ್ದು, ಚೀಲ ಇಡುವ ಸದ್ದು ಕೇಳುತ್ತಿತ್ತು.

"ಹೇಗಿದಾನೆ?" ಅಂತ ಕೇಳುತ್ತಿದ್ದರು.

"ಇದಾನೆ" ಅನ್ನುತ್ತಿದ್ದಳು.

ಅವರು ತೊಳೆದ ಲೋಟಗಳನ್ನು ಒಂದೊಂದಾಗಿ ಬೋರಲು ಹಾಕುತ್ತಿದ್ದರು.